ನೂರಸಾಬ ಬ್ಯಾಡ ಅಂದ ಹತ್ತು ಕಾಡತೂಸು

ನಾನು ಅರ್ಜಿ ಬರೆಯುವವನು, ಹೆಸರು ಪಂಪಣ್ಣ. ಕೊಪ್ಪಳದ ಜಿಲ್ಲಾ ಕಚೇರಿಯ ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ, ಒಂದು ಮೇಜು, ಒಂದು ಬೆಂಚು ಹಾಕಿಕೊಂಡು ಕೂತು ಇಪ್ಪತ್ತು ವರ್ಷದ ಮೇಲಾಯಿತು. ಈ ಇಪ್ಪತ್ತು ವರ್ಷದಲ್ಲಿ ಜನ ಹೇಳಿದ ಎಷ್ಟೋ ಸುಳ್ಳನ್ನು 'ಸವಿನಯ ವಿನಂತಿ' ಎಂದು ಶುರುಮಾಡಿ ಅಂದವಾಗಿ ಬರೆದುಕೊಟ್ಟಿದ್ದೇನೆ. ಅದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಸುಳ್ಳು ಅವರದು, ಅಕ್ಷರ ನನ್ನದು. ಆದರೆ ಒಂದೇ ಒಂದು ಸುಳ್ಳು ಬರೆದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ಅದು ನೂರಸಾಬನ ಹೇಳಿಕೆ. ಅವನು ಹೇಳಿದಂತೆ ಬರೆದೆ, ಅವನು ಹೆಬ್ಬೆಟ್ಟು ಒತ್ತಿದ, ಅಲ್ಲಿಗೆ ಅವನ ಬದುಕಿನ ಕಸುಬು ಮುಗಿಯಿತು.

೧೯೯೭ರಲ್ಲಿ ರಾಯಚೂರು ಒಡೆದು ಕೊಪ್ಪಳ ಜಿಲ್ಲೆಯಾಯಿತು. ಅಲ್ಲಿಯವರೆಗೆ ಬಂದೂಕಿನ ಲೈಸೆನ್ಸಿಗಾಗಿ ರಾಯಚೂರಿಗೆ ಅಲೆಯುತ್ತಿದ್ದ ಗಂಗಾವತಿ, ಕುಷ್ಟಗಿ, ಯಲಬುರ್ಗಿಯ ಜನ ಇಲ್ಲಿಗೆ ಬರತೊಡಗಿದರು. ಅವರ ಬೆನ್ನಿಗೆ ಅರ್ಜಿ ಬರೆಯಲು ನಾನು ಬಂದೆ, ಬಂದೂಕು ನೋಡಲು ನೂರಸಾಬ ಬಂದ. ನನ್ನ ಮೇಜಿನ ಎದುರು, ರಸ್ತೆಯ ಆಚೆ, ಎರಡು ಬಾಗಿಲಿನ ಒಂದು ಖೋಲಿ ಅವನದು. ಅವನ ಅಪ್ಪ, ಅಜ್ಜ ಎಲ್ಲ ಕತ್ತಿ, ಬಂದೂಕು ಉಜ್ಜಿ ಹೊಳಪು ಕೊಡುವವರು. ಇವನು ಅದಕ್ಕೆ ಸರಕಾರದ ಲೈಸೆನ್ಸು ಮಾಡಿಸಿ ಗೋಡೆಗೆ ಗಾಜು ಹಾಕಿಸಿ ತೂಗುಹಾಕಿದ್ದ. ಎತ್ತರದ ಆಳು, ಮಾತು ಕಡಿಮೆ. ನನ್ನಂಥ ಬಾಯಿಬಡುಕನಿಗೆ ಅಂಥವನೇ ಗೆಳೆಯನಾಗಿ ಸಿಗಬೇಕು.

ಅವನ ಹತ್ತಿರ ಬಂದೂಕು ರಿಪೇರಿಗೆ ಬರುವವರಿಗಿಂತ ಹಳೇ ಕಾಡತೂಸು ತರುವವರೇ ಹೆಚ್ಚು. ನಮ್ಮ ಕಡೆ ಬಂದೂಕು ಇರುವವರು ವರ್ಷಕ್ಕೆ ನಾಲ್ಕು ಗುಂಡು ಹಾರಿಸಿದರೆ ಹೆಚ್ಚು. ಅಪ್ಪ ಕೊಂಡ ಕಾಡತೂಸು ಮಗನ ಕಾಲಕ್ಕೂ ಉಳಿದಿರುತ್ತದೆ. ಇದು ಹಾರುತ್ತದೋ, ಹಾರಿಸಿದವನನ್ನೇ ತಿನ್ನುತ್ತದೋ ಎಂದು ಯಾರಾದರೂ ಹೇಳಬೇಕಲ್ಲ. ನೂರಸಾಬ ಹೇಳುತ್ತಿದ್ದ.

ಅವನು ನೋಡುವ ರೀತಿಯನ್ನು ನಾನು ನೂರು ಸಲ ಕಂಡಿದ್ದೇನೆ. ಮೊದಲು ಒಣಬಟ್ಟೆಯಿಂದ ಒರೆಸುತ್ತಿದ್ದ. ತಳದ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಹತ್ತಿದೆಯೇ, ನಡುವೆ ಇರುವ ಕೇಪು, ಅಂದರೆ ಬಂದೂಕಿನ ಮೊಳೆ ಹೋಗಿ ಹೊಡೆಯುವ ಬೊಟ್ಟಿನಷ್ಟು ಜಾಗ, ಕಪ್ಪಾಗಿದೆಯೇ ನೋಡುತ್ತಿದ್ದ. ಬಾಯಿಯ ಮಡಿಕೆಯನ್ನು ಹೆಬ್ಬೆರಳಿಂದ ಒತ್ತಿ ಮೆತ್ತಗಾಗಿದೆಯೇ ಎಂದು ತಿಳಿಯುತ್ತಿದ್ದ. ಆಮೇಲೆ ಒಂದು ಗಾಜಿನ ತುಂಡಿನ ಮೇಲೆ ಉರುಳಿಸುತ್ತಿದ್ದ. ಹಳೇ ಕಾಲದ ಕಾಡತೂಸಿನ ಮೈ ಕಾಗದದ್ದು. ಥಂಡಿ ಹಿಡಿದು ಕೂದಲೆಳೆಯಷ್ಟು ಉಬ್ಬಿದ್ದರೂ ಅದು ಸೊಟ್ಟಗೆ ಉರುಳುತ್ತದೆ. ಕೊನೆಗೆ ಬಿಚ್ಚಿಟ್ಟ ಬಂದೂಕಿನ ನಳಿಗೆಯೊಳಗೆ ಬಿಟ್ಟು ನೋಡುತ್ತಿದ್ದ. ತನ್ನ ತೂಕಕ್ಕೇ ಇಳಿದು, ನಳಿಗೆ ಮಗುಚಿದರೆ ತನ್ನ ತೂಕಕ್ಕೇ ಹೊರಬರಬೇಕು. ಇಷ್ಟರಲ್ಲಿ ಒಂದು ಕಡೆ ಮನಸ್ಸು ಅಳುಕಿದರೂ 'ಬ್ಯಾಡ' ಎನ್ನುತ್ತಿದ್ದ.

"ಅನುಮಾನ ಐತಿ ಅಂದ್ರ ಇಲ್ಲಾ ಅಂತನ ಅರ್ಥ," ಎನ್ನುವುದು ಅವನ ಮಾತು.

ಬ್ಯಾಡ ಎಂದ ಕಾಡತೂಸು ಅವನ ಖೋಲಿಯಿಂದ ಹೊರಗೆ ಹೋಗುತ್ತಿರಲಿಲ್ಲ. ಮೂಲೆಯಲ್ಲಿ ಎಣ್ಣೆಯ ಡಬ್ಬಿ ಇತ್ತು, ಅದರಲ್ಲಿ ಹಾಕುತ್ತಿದ್ದ. ತಿಂಗಳು ನೆನೆದ ಮೇಲೆ ಬಿಚ್ಚಿ ಮದ್ದು ಚೆಲ್ಲುತ್ತಿದ್ದ. ತಂದವನು ಗೌಡನೇ ಆಗಲಿ, ಪೊಲೀಸನೇ ಆಗಲಿ, ವಾಪಸು ಕೊಟ್ಟವನಲ್ಲ. ಒಮ್ಮೆ ಗಂಗಾವತಿಯಿಂದ ಒಬ್ಬ ಬ್ಯಾಂಕಿನ ಕಾವಲುಗಾರ ಬಂದಿದ್ದ. ಹನ್ನೊಂದು ವರ್ಷ ಸೊಂಟದ ಪಟ್ಟಿಯಲ್ಲಿ ಇಟ್ಟುಕೊಂಡು ಬೆವರು ಕುಡಿಸಿದ ಆರು ಕಾಡತೂಸು ತಂದಿದ್ದ. ಆರೂ ಡಬ್ಬಿಗೆ ಬಿದ್ದವು. ಕಾವಲುಗಾರ ಗಾಬರಿಯಾದ.

"ಹಂಗಾರ ಇಷ್ಟು ವರ್ಷ ಬ್ಯಾಂಕು ಕಾದದ್ದು ಏನ್ರಿ?"

"ನಿಮ್ಮ ಮೀಸಿ ಕಾದೈತ್ರಿ," ಎಂದ ನೂರಸಾಬ.

ಹೀಗಾಗಿ ನಾಲ್ಕೂ ತಾಲೂಕಿನಲ್ಲಿ ಒಂದು ಮಾತು ನಿಂತಿತು. ನೂರಸಾಬನ ಖೋಲಿಯಿಂದ ಹೊರಗೆ ಬಂದ ಕಾಡತೂಸು ಎಂದರೆ ಕಣ್ಣು ಮುಚ್ಚಿ ಹಾರಿಸಬಹುದು. ಅವನ ಹತ್ತಿರ ಇದ್ದ ಆಸ್ತಿ ಅದೊಂದೇ. ಹೊಲವಿಲ್ಲ, ಮನೆ ಬಾಡಿಗೆಯದು. ಆ ಮಾತು ಹೋದರೆ ಅವನು ಏನೂ ಅಲ್ಲ. ಇದು ಅವನಿಗೂ ಗೊತ್ತಿತ್ತು, ಅವನ ಹೆಂಡತಿ ಜುಬೇದಾಬೀಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇನ್ನು ತಿಮ್ಮಣ್ಣನ ವಿಷಯ. ಹೆಸರು ಹೇಳುವಾಗಲೇ ಬಾಯಿ ಕಹಿಯಾಗುತ್ತದೆ, ಆದರೂ ಹೇಳಬೇಕು. ಕುಷ್ಟಗಿ ಕಡೆಯವನು, ದಾಳಿಂಬೆ ತೋಟದವನು, ಹತ್ತು ಜನ ಎದ್ದು ನಿಂತು ಮಾತಾಡಿಸುವ ಮನೆತನ. ಆ ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆಯ ಬಂದೂಕು ಒಂದಿತ್ತು. ವಿಜಯದಶಮಿಯ ದಿನ ಊರವರು ಬನ್ನಿ ಮುಡಿಯಲು ಹೋದಾಗ, ಬನ್ನಿಗಿಡದ ಮುಂದೆ ಆ ಮನೆಯ ಹಿರಿಯ ಎರಡು ಗುಂಡು ಹಾರಿಸಬೇಕು. ಆಮೇಲೇ ಉಳಿದವರು ಬನ್ನಿಗೆ ಕೈ ಹಚ್ಚುವುದು. ನೂರಸಾಬನ ಅಪ್ಪ ಪ್ರತಿ ದಸರೆಗೆ ಮೊದಲು ಆ ಮನೆಗೆ ಹೋಗಿ ಎಂಟು ದಿನ ಇದ್ದು ಬಂದೂಕು ಉಜ್ಜಿಕೊಟ್ಟು ಬರುತ್ತಿದ್ದ, ಮಗನನ್ನೂ ಕರೆದೊಯ್ಯುತ್ತಿದ್ದ. ತಿಮ್ಮಣ್ಣ, ನೂರಸಾಬ ಒಂದೇ ವಾರಿಗೆಯವರು. ತಿಮ್ಮಣ್ಣನ ತಾಯಿ ಹೊಳಿಯಮ್ಮ ಇಬ್ಬರಿಗೂ ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿದು ಹಾಕಿ ಉಣಿಸಿದವಳು. ನೂರಸಾಬ ಅವಳನ್ನು ಯವ್ವಾ ಎಂದೇ ಕರೆಯುತ್ತಿದ್ದ.

೨೦೦೬ರ ದಸರೆಗೆ ಐದು ದಿನ ಇದ್ದಾಗ ತಿಮ್ಮಣ್ಣ ಬಂದ. ಅವನ ಲೈಸೆನ್ಸಿನ ನವೀಕರಣ ಕಚೇರಿಯಲ್ಲಿ ಇನ್ನೂ ಕೂತಿತ್ತು. ಆ ಅರ್ಜಿ ಬರೆದವನೂ ನಾನೇ. ನವೀಕರಣವಾಗದೆ ಯಾವ ಅಂಗಡಿಯವನೂ ಹೊಸ ಕಾಡತೂಸು ಕೊಡುವುದಿಲ್ಲ. ಮನೆಯಲ್ಲಿ ಅಪ್ಪ ಕೊಂಡಿಟ್ಟ ಹತ್ತು ಇದ್ದವು. ಅವನ್ನು ಬಿಳಿ ಅರಿವೆಯಲ್ಲಿ ಕಟ್ಟಿ ತಂದಿದ್ದ. ನಾನೂ ಚಹಾ ಕುಡಿಯುವ ನೆಪದಲ್ಲಿ ರಸ್ತೆ ದಾಟಿ ಹೋಗಿ ಖೋಲಿಯಲ್ಲಿ ಕೂತಿದ್ದೆ.

ನೂರಸಾಬ ಗಂಟು ಬಿಚ್ಚಿದ. ಕಾಡತೂಸಿನ ಮೈ ಕಾಣಿಸುತ್ತಲೇ ಇರಲಿಲ್ಲ. ಹಿತ್ತಾಳೆಯ ಮೇಲೆ ಅರಿಷಿಣ, ಅದರ ಮೇಲೆ ಕುಂಕುಮ, ಅದರ ಮೇಲೆ ವಿಭೂತಿ, ವರ್ಷದ ಮೇಲೆ ವರ್ಷ ಪದರುಗಟ್ಟಿ ಹೆಪ್ಪಾಗಿತ್ತು. ಆಯುಧಪೂಜೆಗೆ ಹೊಳಿಯಮ್ಮ ಬಂದೂಕಿನ ಜೊತೆಗೆ ಇವನ್ನೂ ಮಣೆಯ ಮೇಲೆ ಸಾಲಾಗಿ ನಿಲ್ಲಿಸಿ, ಅರಿಷಿಣದ ನೀರು ಚಿಮುಕಿಸಿ, ಕಾಯಿ ಒಡೆದು ಅದರ ನೀರನ್ನೂ ಹಾಕಿ ಪೂಜೆ ಮಾಡುತ್ತಿದ್ದಳು. ಇಪ್ಪತ್ತು ವರ್ಷ ಮಾಡಿದ್ದಳು. ಕಾಗದದ ಮೈಯಿನ ಕಾಡತೂಸಿಗೆ ಇದಕ್ಕಿಂತ ದೊಡ್ಡ ವಿಷ ಬೇರೆ ಇಲ್ಲ. ಭಕ್ತಿಯಿಂದ ಮಾಡಿದ್ದು ನಿಜ, ಮದ್ದಿಗೆ ಭಕ್ತಿ ಗೊತ್ತಾಗುವುದಿಲ್ಲ.

ನೂರಸಾಬ ಒಂದೊಂದನ್ನೇ ಒರೆಸಿದ. ಅಷ್ಟು ಹೊತ್ತು ಅವನು ಒರೆಸಿದ್ದನ್ನು ನಾನು ಕಂಡಿರಲಿಲ್ಲ. ಅರಿಷಿಣದ ಕೆಳಗೆ ಹಿತ್ತಾಳೆ ಹಸಿರಾಗಿತ್ತು. ಎಂಟು ಗಾಜಿನ ಮೇಲೆ ಕುಂಟುತ್ತ ಉರುಳಿದವು. ಉಳಿದೆರಡು ನೆಟ್ಟಗೆ ಉರುಳಿದವು, ನಳಿಗೆಯಲ್ಲೂ ಇಳಿದವು. ಅವನ್ನು ಮಾತ್ರ ಇನ್ನೊಮ್ಮೆ ಕೈಯಲ್ಲಿ ತೂಗಿ ನೋಡಿದ.

"ಹತ್ತೂ ಬ್ಯಾಡ ತಿಮ್ಮಾ."

"ಎರಡು ಛಲೋ ಉರುಳಿದುವಲ್ಲೋ. ನನಗ ಬೇಕಾಗಿದ್ದೂ ಎರಡ."

"ಉರುಳಿದುವು. ಒಳಗಿನ ಮದ್ದು ಥಂಡಿ ಹಿಡದಿದ್ರ? ಅರ್ಧಮರ್ಧ ಹತ್ತಿಕೊಳ್ತೈತಿ. ಫುಸ್ ಅಂತೈತಿ. ಒಳಗಿನ ರಟ್ಟಿನ ಬಿಲ್ಲೆ ನಳಿಗ್ಯಾಗ ಸಿಕ್ಕೊಂಡು ಕೂಡ್ತೈತಿ. ಹೊಡದಾವಗ ಗೊತ್ತಾಗೂದಿಲ್ಲ. ಅದರ ಹಿಂದ ಎರಡನೇದು ಹೊಡದಾ ಅಂದ್ರ ನಳಿಗಿ ಸೀಳತೈತಿ. ನಳಿಗಿ ಹಿಡದ ಕೈ ಹೋಗ್ತೈತಿ."

ಹೀಗೇಕೆ ಕೆಟ್ಟವು ಎಂದು ತಿಮ್ಮಣ್ಣ ಕೇಳಿದ. ನೂರಸಾಬ ಬೆರಳಿಗೆ ಹತ್ತಿದ್ದ ಅರಿಷಿಣವನ್ನು ತೋರಿಸಿದ. ಆಮೇಲೆ ಮೆಲ್ಲಗೆ, "ಯವ್ವಗ ಹೇಳಬ್ಯಾಡ. ಹಳೇವಾಗಿದ್ದುವು ಅನ್ನು," ಎಂದ. ಹತ್ತನ್ನೂ ಎತ್ತಿ ಎಣ್ಣೆ ಡಬ್ಬಿಯ ಕಡೆ ಹೊರಟ.

ತಿಮ್ಮಣ್ಣ ಅವನ ಕೈ ಹಿಡಿದ. ಪೂಜೆಗೊಂಡ ಕಾಡತೂಸು, ಹೊಲಸು ಎಣ್ಣೆಯಲ್ಲಿ ಹಾಕಿದರೆ ತಾಯಿ ತಾಳುವುದಿಲ್ಲ ಎಂದ. ಹುಲಿಗಿಗೆ ಒಯ್ದು ಹೊಳೆಯಲ್ಲಿ ಬಿಡುತ್ತೇನೆ ಎಂದ. "ಹುಲಿಗೆಮ್ಮನ ಆಣಿ ಮಾಡ್ತೀನಿ ನೂರಾ. ಹೊಳಿಗೆ ಬಿಡ್ತೀನಿ," ಎಂದು ನನ್ನ ಕಣ್ಣೆದುರಿಗೇ ಗಂಟಲು ಮುಟ್ಟಿಕೊಂಡ.

ನೂರಸಾಬ ಡಬ್ಬಿಯ ಮುಚ್ಚಳ ತೆಗೆದವನು ಹಾಗೇ ನಿಂತ. ಗೌಡರಿಗೆ, ಪೊಲೀಸರಿಗೆ ಮುರಿಯದ ರೀತಿಯನ್ನು ಹೊಳಿಯಮ್ಮನ ಮುಖ ನೆನೆದು ಮುರಿದ. ಹತ್ತನ್ನೂ ಮತ್ತೆ ಬಿಳಿ ಅರಿವೆಯಲ್ಲಿ ಕಟ್ಟಿ ಕೊಟ್ಟ. ಅವನು ಜನ್ಮದಲ್ಲಿ ಮಾಡಿದ ತಪ್ಪು ಅದೊಂದೇ ಎಂದು ನಾನು ಯಾರೆದುರು ಬೇಕಾದರೂ ಹೇಳಬಲ್ಲೆ.

ವಿಜಯದಶಮಿಯ ದಿನ ಬನ್ನಿಯ ಮುಂದೆ ತಿಮ್ಮಣ್ಣನ ತಮ್ಮ ಓಬಳೆಪ್ಪ ಗುಂಡು ಹಾರಿಸಿದ. ಮೊದಲನೆಯದು ಫುಸ್ ಎಂದಿತು. ನೆರೆದವರು ನಕ್ಕರು. ಓಬಳೆಪ್ಪ ನಾಚಿಕೊಂಡು ಬೇಗ ಬೇಗ ಎರಡನೆಯದನ್ನು ತುಂಬಿ ಹೊಡೆದ. ನಳಿಗೆ ಸೀಳಿತು. ಎಡಗೈಯ ಮೂರು ಬೆರಳು ಹೋದವು.

ಮರುದಿನ ನೂರಸಾಬನಿಗೆ ಠಾಣೆಯಿಂದ ಕರೆ ಬಂತು. ನಾನೂ ಜೊತೆಗೆ ಹೋದೆ. ಮೇಜಿನ ಮೇಲೆ ಸೀಳಿದ ನಳಿಗೆ, ಉಳಿದ ಎಂಟು ಕಾಡತೂಸು. ನೂರಸಾಬ ಒರೆಸಿದ್ದರಿಂದ ಅವುಗಳ ಮೇಲೆ ಅರಿಷಿಣ, ಕುಂಕುಮದ ಗುರುತೂ ಉಳಿದಿರಲಿಲ್ಲ. ತಿಮ್ಮಣ್ಣ ಗೋಡೆಗೆ ಆತು ನಿಂತಿದ್ದ, ನಮ್ಮ ಕಡೆ ನೋಡಲಿಲ್ಲ. ಸಾಹೇಬರು ಬಿರುಸಿನವರಲ್ಲ, ಸಮಾಧಾನದಿಂದಲೇ ಕೇಳಿದರು.

"ಇವನ್ನ ನೋಡಿದಾವ ನೀ ಏನು?"

"ಹೌದ್ರಿ. ಹತ್ತೂ ಬ್ಯಾಡ ಅಂದಿದ್ದೆ."

"ಕೆಟ್ಟ ತೂಸು ಏನ್ ಮಾಡ್ತಿ?"

"ಎಣ್ಣಿ ಡಬ್ಬಿಗೆ ಹಾಕ್ತೀನ್ರಿ."

"ಇಲ್ಲೀತನಕ ಯಾರಿಗರ ವಾಪಸ್ ಕೊಟ್ಟೀಯೇನು?"

"ಇಲ್ರಿ."

"ಮತ್ತ ಇವು ಹ್ಯಾಂಗ ವಾಪಸ್ ಹೋದುವು?"

ನೂರಸಾಬ ತಿಮ್ಮಣ್ಣನ ಕಡೆ ತಿರುಗಿದ. ಉತ್ತರ ಅವನ ಹತ್ತಿರವಿತ್ತು. ಅವನೇ ಹೇಳುತ್ತಾನೆ ಎಂಬ ನಂಬಿಕೆ ಇತ್ತು. ನಾನೂ ಹಾಗೇ ತಿಳಿದೆ. ತಿಮ್ಮಣ್ಣ ನೆಲ ನೋಡುತ್ತಲೇ ಹೇಳಿದ.

"ನಡಿತಾವು ಅಂದಿದ್ದಕ್ಕ ಒಯ್ದೆ ಸಾಹೇಬ್ರ. ಕೆಟ್ಟಿದ್ದು ಅವ ಹೊರಗ ಬಿಡೂದಿಲ್ಲ, ಬೇಕಾದ್ರ ಜಿಲ್ಲಾದಾಗ ಯಾರನ್ನರ ಕೇಳ್ರಿ."

ಉಂಡ ಮನೆಗೆ ಎರಡು ಬಗೆಯುವವರನ್ನು ನಾನು ಬಹಳ ಕಂಡಿದ್ದೇನೆ. ಆದರೆ ಒಬ್ಬ ಮನುಷ್ಯನ ಪ್ರಾಮಾಣಿಕತೆಯನ್ನೇ ಹಗ್ಗ ಮಾಡಿ ಅವನ ಕುತ್ತಿಗೆಗೆ ಹಾಕಿದ್ದನ್ನು ಅವತ್ತೇ ಕಂಡದ್ದು. ನಾನು ಬಾಯಿ ತೆರೆದೆ. ನೂರಸಾಬ ನನ್ನ ಮೊಣಕೈ ಹಿಡಿದು ಒತ್ತಿದ. ಸಾಹೇಬರು ಎರಡು ದಿನದಲ್ಲಿ ಹೇಳಿಕೆ ಬರೆಸಿಕೊಂಡು ಬಾ ಎಂದರು.

ಹೊರಗೆ ಬಂದವನೇ ಕುದಿದುಬಿಟ್ಟೆ. ಹೇಳಿಕೆ ನಾನು ಬರೆಯುತ್ತೇನೆ, ಅರಿಷಿಣದಿಂದ ಹಿಡಿದು ಹುಲಿಗೆಮ್ಮನ ಆಣೆಯವರೆಗೆ ಎಲ್ಲ ಬರೆಯುತ್ತೇನೆ, ಸಾಕ್ಷಿ ಎಂದು ಕೆಳಗೆ ನನ್ನ ರುಜು ಹಾಕುತ್ತೇನೆ, ಆ ತಿಮ್ಮಣ್ಣ ಎಲ್ಲಿ ಮುಖ ಇಟ್ಟುಕೊಳ್ಳುತ್ತಾನೆ ನೋಡೋಣ ಎಂದೆ. ನೂರಸಾಬ ಬೇರೆ ಯಾವುದೋ ಗುಂಗಿನಲ್ಲಿದ್ದ.

"ಮೊದ್ಲ ಓಬಳೆಪ್ಪನ್ನ ನೋಡೂಣು ನಡಿ," ಎಂದ.

ಆಸ್ಪತ್ರೆಯಲ್ಲಿ ಓಬಳೆಪ್ಪ ಎಡಗೈಗೆ ದೊಡ್ಡ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ. ಇಪ್ಪತ್ತೆಂಟರ ಹುಡುಗ, ಆ ವರ್ಷವಷ್ಟೇ ಮದುವೆಯಾಗಿತ್ತು. ನೂರಸಾಬನನ್ನು ಕಂಡು ನಗಲು ನೋಡಿದ.

"ಪ್ರತಿ ವರ್ಷ ಅಣ್ಣನ ಹೊಡಿತಿದ್ದ ನೂರಣ್ಣ. ಈ ಸಲ ನೀ ಹೊಡಿಯಪಾ, ನಿನಗೂ ಮದಿವಿ ಆತು, ದೊಡ್ಡಾವ ಆದಿ ಅಂದ. ನನಗ ಭಾಳ ಖುಷಿ ಆಗಿತ್ತು."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು, ನೂರಸಾಬನಿಗೆ ಕೂಡಲೇ ಆಗಿತ್ತು. ತಿಮ್ಮಣ್ಣ ಮರೆತಿರಲಿಲ್ಲ. ನೂರಸಾಬ ಹೇಳಿದ್ದನ್ನು ಪೂರಾ ನಂಬಿದ್ದ. ನಂಬಿದ್ದಕ್ಕೇ ಆ ವರ್ಷ ಬಂದೂಕು ತಾನು ಹಿಡಿಯಲಿಲ್ಲ. ಊರ ಮುಂದೆ ಗುಂಡು ಹಾರದೆ ಮಾನ ಹೋಗಬಾರದು, ಹಾರಿದರೆ ತನ್ನ ಕೈ ಹೋಗಬಾರದು. ಎರಡಕ್ಕೂ ತಮ್ಮನನ್ನು ಮುಂದೆ ಬಿಟ್ಟ.

ಅಷ್ಟರಲ್ಲಿ ಹೊಳಿಯಮ್ಮ ಬಂದಳು. ಎಪ್ಪತ್ತು ದಾಟಿದ ಮುದುಕಿ, ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಳು. ಅವಳ ಹಿಂದೆ ತಿಮ್ಮಣ್ಣ ಬಾಗಿಲಲ್ಲೇ ನಿಂತ.

"ನೂರ್ಯಾ, ಇಪ್ಪತ್ತು ವರ್ಷ ಅರಿಷಿಣ ಹಚ್ಚಿ, ಕೈ ಮುಗದು ಪೂಜಾ ಮಾಡಿದ ತೂಸು ಅವು. ನನ್ನ ಮಗನ ಕೈ ಹ್ಯಾಂಗ ತಿಂದುವು? ನಾ ಏನ ತಪ್ಪು ಮಾಡಿದ್ನ್ಯೋ?"

ನೂರಸಾಬ ಬಾಗಿಲ ಕಡೆ ನೋಡಿದ. ತಿಮ್ಮಣ್ಣನಿಗೆ ಅದು ಕೊನೆಯ ಅವಕಾಶ. ಒಂದು ಮಾತು, ತಪ್ಪಾತು ಯವ್ವಾ ಎಂಬ ಒಂದು ಮಾತು ಆಡಿದ್ದರೆ ಸಾಕಿತ್ತು, ಎಂಥ ಸುಳ್ಳನ್ನಾದರೂ ಸೇರಿಸಿ ಆಡಬಹುದಿತ್ತು. ಅವನು ಬಾಗಿಲ ಚೌಕಟ್ಟಿನ ಬಣ್ಣ ಕೆರೆಯುತ್ತ ನಿಂತ. ನೂರಸಾಬ ಮುದುಕಿಯ ಕಡೆ ತಿರುಗಿದ.

"ನಿಂದೇನೂ ತಪ್ಪಿಲ್ಲ ಯವ್ವಾ. ನಾನ ನಡಿತಾವು ಅಂದಿದ್ದೆ. ನನ್ನ ಕಣ್ಣು ತಪ್ಪೈತಿ."

ಹೊಳಿಯಮ್ಮ ಅವನನ್ನು ನೋಡುತ್ತಲೇ ಇದ್ದಳು. ಬೈಯಲಿಲ್ಲ, ಹೊಡೆಯಲಿಲ್ಲ. ತನ್ನ ಬಲಗೈಯನ್ನು ಎತ್ತಿ ಅವನ ಮುಂದೆ ಹಿಡಿದಳು.

"ಇದ ಕೈಲೇ ಉಣಿಸಿದ್ನಲ್ಲೋ ನಿನಗ," ಎಂದು ಹೇಳಿ ಮಗನ ಕಡೆ ತಿರುಗಿ ಕೂತಳು. ಮತ್ತೆ ಅವನ ಮುಖ ನೋಡಲಿಲ್ಲ, ಸಾಯುವವರೆಗೂ ನೋಡಲಿಲ್ಲ.

ವಾಪಸು ಬರುವಾಗ ನಾನು ಅವನಿಗೆ ಬೈದೆ. ಒಳ್ಳೆಯತನಕ್ಕೂ ಒಂದು ಮಿತಿ ಇರಬೇಕು, ನೀನು ಒಳ್ಳೆಯವನಲ್ಲ, ದಡ್ಡ ಎಂದೆ. ಅವನು ನನ್ನ ಮೇಜಿನ ಮುಂದಿನ ಬೆಂಚಿನ ಮೇಲೆ ಕೂತು, ಬಿಡಿಸಿ ಹೇಳಿದ.

"ನಾ ಖರೇ ಬರಿಸಿದ್ರ ಏನಾಗ್ತೈತಿ ಪಂಪಣ್ಣ? ಆಕೀ ಹಚ್ಚಿದ ಅರಿಷಿಣನ ಮಗನ ಬೆರಳು ತಿಂತು ಅಂತ ಆಕೀಗೆ ಗೊತ್ತಾಗ್ತೈತಿ. ದೊಡ್ಡ ಮಗ ಗೊತ್ತಿದ್ದೂ ಗೊತ್ತಿದ್ದೂ ಸಣ್ಣಾವನ ಕೈಯಾಗ ಬಂದೂಕು ಕೊಟ್ಟ ಅಂತ ಗೊತ್ತಾಗ್ತೈತಿ. ಆ ಮುದುಕಿ ಉಳಿತಾಳೇನು?"

"ನಿನ್ನ ಮಾತು ಹೋಗ್ತೈತಲ್ಲೋ. ನಿನ್ನ ಹಂತೇಲಿ ಇರೂದ ಅದೊಂದು."

"ಹೋಗ್ತೈತಿ," ಎಂದ. "ನಾ ಸುಮ್ನಿರ್ತೀನಿ ಅಂತ ತಿಮ್ಮಾಗ ಗೊತ್ತಿತ್ತು. ಅದ ನನಗ ಸಂಕಟ."

ಅಷ್ಟು ಹೇಳುವಾಗ ಅವನ ದನಿ ಒಡೆಯಿತು. ನಾನು ಅವನನ್ನು ಹಾಗೆ ಕಂಡದ್ದು ಅದೊಂದೇ ಸಲ. ಹೆದರಿದ ಮನುಷ್ಯ ಸುಳ್ಳು ಹೇಳಿದರೆ ಕ್ಷಮಿಸಬಹುದು. ಹೆದರಿಕೆಯಲ್ಲಿ ನಾನೂ ಹೇಳೇನು. ಆದರೆ ಎದುರಿನವನ ಪ್ರೀತಿಯನ್ನು ಮೊದಲೇ ಅಳೆದು, ಇವನು ನನ್ನ ತಾಯಿಯ ಮುಖ ನೋಡಿ ಬಾಯಿ ಮುಚ್ಚಿಕೊಳ್ಳುತ್ತಾನೆ ಎಂದು ಗೊತ್ತುಮಾಡಿಕೊಂಡು ಹೇಳಿದ ಸುಳ್ಳಿಗೆ ಯಾವ ದೇವರ ಹತ್ತಿರ ಕ್ಷಮೆ ಇದೆಯೋ ನನಗೆ ತಿಳಿಯದು.

ಬರೆದೆ. 'ಸದರಿ ಕಾಡತೂಸುಗಳನ್ನು ಪರೀಕ್ಷಿಸುವಾಗ ನನ್ನ ದೃಷ್ಟಿ ದೋಷದಿಂದ' ಎಂದು ನನ್ನ ಕೈಯಾರೆ ಬರೆದೆ. ಕೂದಲೆಳೆಯಷ್ಟು ಉಬ್ಬಿದ್ದನ್ನೂ ಹಿಡಿಯಬಲ್ಲ ಮನುಷ್ಯನ ದೃಷ್ಟಿಗೆ ದೋಷ ಹಚ್ಚಿದವನು ನಾನು. ಅವನು ಹೆಬ್ಬೆಟ್ಟು ಒತ್ತಿದ. ನಾನು ಸಾಕ್ಷಿಯೆಂದು ರುಜು ಹಾಕಲಿಲ್ಲ, ಅಷ್ಟು ಮಾತ್ರ ನನ್ನಿಂದಾಯಿತು.

ಕೇಸು ಎರಡು ವರ್ಷ ಎಳೆದಾಡಿ ರಾಜಿಯಲ್ಲಿ ಮುಗಿಯಿತು. ನೂರಸಾಬನ ಲೈಸೆನ್ಸು ರದ್ದಾಯಿತು. ಗೋಡೆಯ ಮೇಲಿನ ಗಾಜಿನ ಚೌಕಟ್ಟನ್ನು ಅವನೇ ಇಳಿಸಿದ. ಆಕಸ್ಮಿಕ ಎಂದು ತೀರ್ಮಾನವಾದ್ದರಿಂದ ತಿಮ್ಮಣ್ಣನ ಲೈಸೆನ್ಸು ಉಳಿಯಿತು. ಊರಲ್ಲಿ ಅವನಿಗೆ ಮರುಕವೇ ಸಿಕ್ಕಿತು. ನಂಬಿದವನಿಂದ ಮೋಸಹೋದ ಪಾಪ, ಎಂದು ಜನ ಮಾತಾಡಿದರು. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಜುಬೇದಾಬೀ ಗಂಡನಿಗೆ ಏನೂ ಅನ್ನಲಿಲ್ಲ. ನನ್ನ ಹತ್ತಿರ ಒಮ್ಮೆ ಮಾತ್ರ, "ಆ ಮನಿ ರೊಟ್ಟಿ ಭಾಳ ತುಟ್ಟಿ ಆತ್ರಿ ನಮಗ," ಎಂದಳು. ಖೋಲಿ ಬಿಟ್ಟರು. ಹಳೇ ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ಜಾಗ ಹಿಡಿದು ನೂರಸಾಬ ಕುಕ್ಕರು, ಗ್ಯಾಸಿನ ಒಲೆ ರಿಪೇರಿಗೆ ಕೂತ. ಕುಕ್ಕರಿನ ರಬ್ಬರು ಹಾಕಿಕೊಡುವಾಗಲೂ ಹೆಂಗಸರು "ಸಿಡಿಯೂದಿಲ್ಲಲ್ರಿ ಸಾಬ್ರ?" ಎಂದು ಎರಡೆರಡು ಸಲ ಕೇಳುತ್ತಿದ್ದರು. ಅವರಿಗೆ ಅವನ ಕತೆ ಗೊತ್ತಿತ್ತು. ಅವನು ತಲೆ ತಗ್ಗಿಸಿ, ನೀರು ಹಾಕಿ, ಒಲೆಯ ಮೇಲಿಟ್ಟು, ಸೀಟಿ ಹೊಡೆಸಿ ತೋರಿಸಿ ಕೊಡುತ್ತಿದ್ದ.

ತಿಮ್ಮಣ್ಣ ಒಂದು ದಿನ ಬಂದೇ ಬರುತ್ತಾನೆ ಎಂದು ಅವನು ಕಾದ. ಊರ ಮುಂದೆ ಬೇಡ, ಠಾಣೆಯಲ್ಲಿ ಬೇಡ, ಯಾರೂ ಇಲ್ಲದಾಗ ಬಂದು ಎದುರಿಗೆ ಕೂತರೆ ಸಾಕು ಎಂದಿದ್ದ. ಕಚೇರಿಯ ಕೆಲಸಕ್ಕೆಂದು ತಿಮ್ಮಣ್ಣ ಕೊಪ್ಪಳಕ್ಕೆ ಎಷ್ಟೋ ಸಲ ಬಂದ. ಅರ್ಜಿ ಬರೆಸಲು ಬೇರೆಯವರ ಹತ್ತಿರ ಹೋದ. ಬಸ್ ನಿಲ್ದಾಣದ ಹಿಂದಕ್ಕೆ ಮಾತ್ರ ಹೋಗಲಿಲ್ಲ. ೨೦೧೩ರಲ್ಲಿ ಹೊಳಿಯಮ್ಮ ತೀರಿಕೊಂಡಾಗ ನೂರಸಾಬ ಮಣ್ಣಿಗೆ ಹೋಗಿ ದೂರದಲ್ಲಿ ನಿಂತು ಬಂದ. ಓಬಳೆಪ್ಪ ಬಂದು ಮಾತಾಡಿಸಿದನಂತೆ. ತಿಮ್ಮಣ್ಣ ಮಾತಾಡಿಸಲಿಲ್ಲ.

ಮರುವರ್ಷ ದಸರೆಗೆ ಮೊದಲು ಒಂದು ಮಧ್ಯಾಹ್ನ ನಾನು ನೂರಸಾಬನ ಹತ್ತಿರ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ಒಂದು ಕಾರು ಬಂದು ನಿಂತಿತು. ಇಳಿದವನು ತಿಮ್ಮಣ್ಣ. ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ರಟ್ಟಿನ ಡಬ್ಬಿ. ನನ್ನನ್ನು ನೋಡಿ ಹಿಂದೆ ಮುಂದೆ ನೋಡಿದ. ನಾನು ಏಳಲಿಲ್ಲ, ಏಳುವ ಪೈಕಿಯೂ ಅಲ್ಲ.

ಅವನು ಸ್ಟೂಲಿನ ತುದಿಗೆ ಕೂತು ಅದೂ ಇದೂ ಮಾತಾಡಿದ. ಮಳೆ, ದಾಳಿಂಬೆ, ಮಂಡಿನೋವು. ಎಂಟು ವರ್ಷದ ಹಿಂದಿನದರ ಬಗ್ಗೆ ಒಂದಕ್ಷರವಿಲ್ಲ. ಆಮೇಲೆ ಡಬ್ಬಿ ಮುಂದಿಟ್ಟ. ಬೇರೆ ಬಂದೂಕು ಕೊಂಡಿದ್ದನಂತೆ, ಸತ್ತುಹೋದ ಒಬ್ಬ ಗುತ್ತಿಗೆದಾರನದು. ಅದರ ಜೊತೆ ಹದಿನೆಂಟು ಕಾಡತೂಸು ಬಂದಿದ್ದವು. ಎಷ್ಟು ಹಳೆಯವೋ ಗೊತ್ತಿಲ್ಲ, ಹೊಸವು ಆ ಸಲ ಅಂಗಡಿಯಲ್ಲಿ ಸಿಕ್ಕಿರಲಿಲ್ಲವಂತೆ.

"ಬ್ಯಾರೆಯಾವ್ರಿಗೆ ತೋರಿಸಿದೆ. ಛಲೋ ಅದಾವು ಅಂದ್ರು. ನನಗ ಧೈರ್ಯ ಬರವಲ್ದು. ನೀ ಒಂದ ಸಲ ನೋಡಿ ಹೇಳಿಬಿಡು ನೂರಾ."

"ನನಗ ಲೈಸನ್ಸ್ ಇಲ್ಲ."

"ಸುಮ್ನ ಬಾಯಿಮಾತಿಲೆ ಹೇಳೋ. ನಿನ್ನ ಬಾಯಿಂದ ಬಂದ್ರ ಸಾಕು."

ನೂರಸಾಬ ಕೈಯಲ್ಲಿದ್ದ ಕುಕ್ಕರಿನ ಮುಚ್ಚಳ ಕೆಳಗಿಟ್ಟ.

"ಈ ಸಲ ಹೊಡಿಯಾವ್ರು ಯಾರು?"

"ಓಬಳೆಪ್ಪ ಬಂದೂಕು ಮುಟ್ಟೂದಿಲ್ಲ. ನಾನ ಹೊಡಿಬೇಕು."

ನೂರಸಾಬ ತಲೆಯಾಡಿಸಿದ. ಡಬ್ಬಿ ಎಳೆದುಕೊಂಡು ಒಂದೊಂದನ್ನೇ ತೆಗೆದ. ಅವು ಕೆಂಪು ಪ್ಲಾಸ್ಟಿಕ್ಕಿನವು. ಒರೆಸಿದ, ತಳ ನೋಡಿದ, ಬಾಯಿ ಒತ್ತಿದ, ಬೆಳಕಿಗೆ ಹಿಡಿದ, ಗ್ಯಾಸಿನ ಒಲೆಯ ಗಾಜಿನ ಮೇಲೆ ಉರುಳಿಸಿದ. ಎಂಟು ವರ್ಷ ಬಿಟ್ಟ ಕೆಲಸ ಎಂದು ಯಾರೂ ಹೇಳುವ ಹಾಗಿರಲಿಲ್ಲ. ನೋಡಿದ್ದನ್ನು ಕೆಲವನ್ನು ಎಡಗಡೆ ಇಟ್ಟ, ಕೆಲವನ್ನು ಬಲಗಡೆ ಇಟ್ಟ. ಕೊನೆಗೆ ಎಡಕ್ಕೆ ಹನ್ನೊಂದು, ಬಲಕ್ಕೆ ಏಳು ಆದವು. ಕೈ ಒರೆಸಿಕೊಂಡು ಕೂತ.

"ಯಾವು ಛಲೋ, ಯಾವು ಕೆಟ್ಟು?" ಎಂದ ತಿಮ್ಮಣ್ಣ.

ನೂರಸಾಬ ಅವನ ಮುಖವನ್ನೇ ನೋಡಿದ. ದನಿ ಏರಿಸಲಿಲ್ಲ.

"ಹೋದ ಸಲ ನಾ ಏನ ಅಂದೆ ಅನ್ನೂದು ನೀನ ಹೇಳಿದ್ದಿ ತಿಮ್ಮಾ. ಈ ಸಲಾನೂ ನೀನ ಹೇಳು."

ತಿಮ್ಮಣ್ಣ ಎಡಗಡೆಯ ಗುಂಪು ನೋಡಿದ, ಬಲಗಡೆಯದು ನೋಡಿದ. ಎಡಕ್ಕೆ ಕೈ ಚಾಚಿ ಹಿಂದಕ್ಕೆ ಎಳೆದುಕೊಂಡ. ನನ್ನ ಮುಖ ನೋಡಿದ, ನನಗೇನು ಗೊತ್ತು? "ನೂರಾ," ಎಂದ. ನೂರಸಾಬ ಆಗಲೇ ಕುಕ್ಕರಿನ ಮುಚ್ಚಳ ಕೈಗೆತ್ತಿಕೊಂಡಿದ್ದ. ತಿಮ್ಮಣ್ಣ ಎರಡೂ ಗುಂಪನ್ನು ಬಾಚಿ ಅದೇ ಡಬ್ಬಿಗೆ ಸುರಿದುಕೊಂಡು, ಕಾರು ಹತ್ತಿ ಹೋದ. ಆ ವರ್ಷ ಬನ್ನಿಯ ಮುಂದೆ ಗುಂಡು ಹಾರಲಿಲ್ಲ ಎಂದು ಆಮೇಲೆ ಕೇಳಿದೆ.

ಕಾರು ಮರೆಯಾದ ಮೇಲೆ ನಾನು ತಡೆಯಲಾರದೆ ಕೇಳಿದೆ.

"ಅದರಾಗ ಛಲೋ ಯಾವು ಇದ್ದುವೋ?"

"ಹದಿನೆಂಟೂ ಛಲೋ ಇದ್ದುವು," ಎಂದ ನೂರಸಾಬ.